ಟೆಕ್ಸಾಸ್‌ಗೆ ಅಪ್ಪ ಅಮ್ಮನ್ನ ಕರೆಸುವ ಮುಂಚೆ

ಜಯನಗರದಲ್ಲಿರುವ ಅಪ್ಪ ಅಮ್ಮನ್ನ ಡಲ್ಲಾಸ್‌ಗೆ ಕರೆಸ್ತಿದ್ದೀರಿ, "ಅಲ್ಲಿ ಡಾಕ್ಟರ್ ತಪ್ಪು ಮಾಡಿದ್ರೆ ಕೋಟಿಗಟ್ಟಲೆ ಪರಿಹಾರ ಸಿಗುತ್ತಂತೆ, ಹೌದಾ ಸಾರ್?" ಅಂತ ಕೇಳಿದ್ದೀರಿ. ಟೆಕ್ಸಾಸ್‌ನಲ್ಲಿ, ಅದೂ ವಯಸ್ಸಾದವರ ವಿಷಯದಲ್ಲಿ, ಆ ನಂಬಿಕೆ ಇಟ್ಟುಕೊಂಡು ಬರಬೇಡಿ.

2003ರಲ್ಲಿ ಇಲ್ಲಿನ ಕಾನೂನು ಬದಲಾಯಿತು. ನೋವು, ಸಂಕಟ, ಅಂಗವೈಕಲ್ಯಕ್ಕೆ ಡಾಕ್ಟರುಗಳ ಕಡೆಯಿಂದ ಎಲ್ಲ ಸೇರಿ 2,50,000 ಡಾಲರ್, ಒಂದು ಆಸ್ಪತ್ರೆಯಿಂದ ಇನ್ನೊಂದು 2,50,000. ಎಷ್ಟೇ ಆಸ್ಪತ್ರೆಗಳಿದ್ದರೂ ಒಟ್ಟು 7,50,000 ದಾಟುವಂತಿಲ್ಲ. ಚಿಕಿತ್ಸೆಯ ಖರ್ಚಿಗೆ, ಸಾವಿನ ಕೇಸು ಬಿಟ್ಟರೆ ಕೈತಪ್ಪಿದ ಸಂಬಳಕ್ಕೆ ಮಾತ್ರ ಮಿತಿಯಿಲ್ಲ. ರಿಟೈರ್ ಆದ ತಂದೆಗೆ, ಮನೆ ನೋಡಿಕೊಳ್ಳುವ ತಾಯಿಗೆ ಸಂಬಳದ ನಷ್ಟ ತೋರಿಸುವುದು ಹೇಗೆ? ಬಹುಪಾಲು ಉಳಿಯುವುದು ಮಿತಿ ಬಿದ್ದ ಭಾಗವೇ. ವಕೀಲರು ಗೆದ್ದರಷ್ಟೇ ಫೀಸು ಪಡೆಯುವ ಕರಾರಿನಲ್ಲಿ ಕೆಲಸ ಮಾಡುತ್ತಾರೆ, ಸಾಕ್ಷಿ ಹೇಳುವ ತಜ್ಞ ವೈದ್ಯರ ಖರ್ಚನ್ನು ಮೊದಲೇ ಕೈಯಿಂದ ಹಾಕುತ್ತಾರೆ. ಲೆಕ್ಕ ಹೊಂದದಿದ್ದರೆ, ತಪ್ಪು ಕಣ್ಣಿಗೆ ಕಂಡರೂ ಕೇಸು ಮುಟ್ಟುವುದಿಲ್ಲ. ಇದು ದೊಡ್ಡ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಗಡುವುಗಳೂ ಬಿಗಿ. ಸಾಮಾನ್ಯವಾಗಿ 2 ವರ್ಷದೊಳಗೆ ಕೇಸು ಹಾಕಬೇಕು, ಅದಕ್ಕೆ 60 ದಿನ ಮುಂಚೆ ನೋಟಿಸ್ ಕೊಡಬೇಕು. ಎದುರಾಳಿ ಉತ್ತರ ಸಲ್ಲಿಸಿದ 120 ದಿನದೊಳಗೆ ತಜ್ಞರ ವರದಿ ಕೊಡದಿದ್ದರೆ ಕೇಸು ವಜಾ ಆಗುವುದಲ್ಲದೆ ಅವರ ವಕೀಲರ ಫೀಸೂ ನಿಮ್ಮ ತಲೆಗೆ. ಎಮರ್ಜೆನ್ಸಿ ಚಿಕಿತ್ಸೆಯಾದರೆ ಬರೀ ನಿರ್ಲಕ್ಷ್ಯ ತೋರಿಸಿದರೆ ಸಾಲದು. ಗೊತ್ತಿದ್ದೂ ಲೆಕ್ಕಿಸಲಿಲ್ಲ ಅಂತ ಸಾಬೀತು ಮಾಡಬೇಕು.

ಆ ಕಾನೂನು ಬಂದ ಮೇಲೆ, ಇಂಥ ಕೇಸುಗಳಿಗಾಗಿ ಡಾಕ್ಟರುಗಳು ಮಾಡಿಸುವ ಇನ್ಶೂರೆನ್ಸ್ ಪ್ರೀಮಿಯಂ ಇಳಿದದ್ದು ನಿಜ. ಕೇಸಿನ ಭಯ ಹೋದರೆ ಬೇಡದ ಸ್ಕ್ಯಾನುಗಳು ತಗ್ಗುತ್ತವೆ ಅಂತ ಕಾನೂನಿನ ಪರ ಇದ್ದವರು ಅಂದಿದ್ದರು, ಆದರೆ ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಖರ್ಚಿನ ಲೆಕ್ಕ ತೆಗೆದು ನೋಡಿದ ಸಂಶೋಧಕರಿಗೆ ಅಂಥ ಇಳಿಕೆ ಕಾಣಲಿಲ್ಲ. ಬಿಲ್ಲಿನ ಭಾರ ಹಾಗೇ ಇದೆ. ವಿಸಿಟರ್ ಇನ್ಶೂರೆನ್ಸ್ ತಗೊಳ್ಳುವಾಗ ಹಳೆಯ ಕಾಯಿಲೆ ದಿಢೀರನೆ ಉಲ್ಬಣಿಸಿದರೆ ಎಷ್ಟರವರೆಗೆ ಕೊಡುತ್ತಾರೆ, ಯಾವ ವಯಸ್ಸಿಗೆ ಅದು ನಿಲ್ಲುತ್ತದೆ, ಇವೆರಡನ್ನೂ ಓದಿ.

ಹೊರಡುವ ಮುಂಚೆ ಬೆಂಗಳೂರಿನ ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮ್ಮರಿ, ಇಸಿಜಿ, ಎಕೋ ವರದಿ ತೆಗೆಸಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ಮಾತ್ರೆಗಳ ಬ್ರ್ಯಾಂಡ್ ಹೆಸರಿನ ಜೊತೆ ಜೆನೆರಿಕ್ ಹೆಸರೂ ಬರೆಸಿಕೊಳ್ಳಿ, ಇಲ್ಲಿನವರಿಗೆ ಬ್ರ್ಯಾಂಡ್ ಗೊತ್ತಾಗಲ್ಲ. ಈ ಕಾಗದಗಳಿಲ್ಲದಿದ್ದರೆ "ಅದು ಮೊದಲೇ ಇದ್ದ ಕಾಯಿಲೆ" ಅನ್ನುವ ವಾದಕ್ಕೆ ಉತ್ತರವೇ ಇರುವುದಿಲ್ಲ.

ಇಲ್ಲಿ ಏನಾದರೂ ಸಂಶಯ ಬಂದರೆ ಪೂರ್ತಿ ಚಾರ್ಟ್ (ಚಿಕಿತ್ಸೆಯ ದಾಖಲೆ) ಕೊಡಿ ಅಂತ ಬರವಣಿಗೆಯಲ್ಲಿ ಕೇಳಿ. ಫೆಡರಲ್ ನಿಯಮದ ಪ್ರಕಾರ 30 ದಿನದ ಗಡುವು. ಬೆಂಗಳೂರಿನ ಗ್ರಾಹಕರ ಆಯೋಗದಲ್ಲಿ ವಕೀಲರಿಲ್ಲದೆ ನೀವೇ ದೂರು ನಡೆಸಿದ ಹಾಗೆ ಇಲ್ಲಿ ಪರಿಹಾರ ಕೇಳುವುದು ಕಷ್ಟ. ಟೆಕ್ಸಾಸ್ ಮೆಡಿಕಲ್ ಬೋರ್ಡ್‌ಗೆ ದೂರು ಮಾತ್ರ ನೀವೇ ಕೊಡಬಹುದು. ಅದರಿಂದ ಹಣ ಬರದು, ಡಾಕ್ಟರ ಲೈಸೆನ್ಸ್ ಮೇಲೆ ವಿಚಾರಣೆ ನಡೆಯಬಹುದು.