ಸಾಕಿದ ಊಸರವಳ್ಳಿಗೆ ಗಿಡ ತುಂಬಿದ ದೊಡ್ಡ ಗೂಡು ಯಾಕೆ ಬೇಕು? ಕಟ್ಟುವುದು ಹೇಗೆ?

ಗೂಡಿಗೆ ಅಗಲಕ್ಕಿಂತ ಎತ್ತರ ಮುಖ್ಯ, ಒಳಗೆ ಜೀವಂತ ಗಿಡ ಬೇಕೇ ಬೇಕು. ದೊಡ್ಡ ಜಾತಿಯ ಊಸರವಳ್ಳಿಗೆ 2 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರ ಕನಿಷ್ಠ. ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಮುಖ್ಯ ಕಾರಣ ನೀರು. ಬಟ್ಟಲಲ್ಲಿ ನಿಂತ ನೀರನ್ನು ಇವು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ. ಎಲೆಯ ತುದಿಯಲ್ಲಿ ಹನಿ ಮಿನುಗಿದರೆ ಒಂದು ಕಣ್ಣು ಮೆಲ್ಲಗೆ ಅತ್ತ ತಿರುಗುತ್ತದೆ, ಆಮೇಲೆ ಬಾಯಿ ಹಾಕಿ ನೆಕ್ಕುತ್ತದೆ. ನೋಡೋಕೆ ಎಷ್ಟು ಚೆಂದ ಅಲ್ವಾ! ಎಲೆ ಮರೆಯೂ ಕೊಡುತ್ತದೆ. ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲದಿದ್ದರೆ ಪಾಪ, ಅದು ಸದಾ ಹೆದರಿಕೊಂಡೇ ಇರುತ್ತದೆ.

ಚೌಕಟ್ಟು ಕಟ್ಟಿ ಸುತ್ತ ಜಾಲರಿ ಹೊಡೆಯಿರಿ, ಗಾಳಿ ಆಡಲಿ. ದಾಸವಾಳ, ಫೈಕಸ್ (ಆಲ, ಅತ್ತಿಯ ಜಾತಿಯ ಗಿಡ) ಆಗಬಹುದು, ಆದರೆ ಔಷಧಿ ಹೊಡೆದ ಗಿಡ ಬೇಡ. ಹಿಡಿತಕ್ಕೆ ಸಿಗುವಷ್ಟು ದಪ್ಪದ ಕೊಂಬೆಗಳನ್ನು ಅಡ್ಡಡ್ಡ ಕಟ್ಟಿ. ಬಿಸಿ ಬಲ್ಬು, ಯುವಿಬಿ (ಬಿಸಿಲಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ದೀಪ ಎರಡೂ ಮೇಲೆ, ಜಾಲರಿಯ ಆಚೆ ಇರಲಿ. ಒಳಗಿಟ್ಟರೆ ಮೈ ಸುಟ್ಟುಕೊಳ್ಳುತ್ತದೆ. ಕಿಟಕಿ ಬಿಸಿಲು ಸಾಕು ಅಂದುಕೊಳ್ಳಬೇಡಿ, ಗಾಜು ಯುವಿಬಿಯನ್ನು ತಡೆಯುತ್ತದೆ. ಅದು ಸಿಗದಿದ್ದರೆ ಮೂಳೆ ಮೆತ್ತಗಾಗುತ್ತದೆ. ತಳದಲ್ಲಿ ನೀರು ಬಸಿದುಹೋಗಲು ದಾರಿ ಮಾಡಿ. ಒಂದು ಗೂಡಿಗೆ ಒಂದೇ ಊಸರವಳ್ಳಿ.