ಲ್ಯಾಪ್‌ಟಾಪ್ ಇಲ್ಲದೆ ಲಡಾಖ್‌ಗೆ ಹೋದಾಗ ಕ್ಯಾಮೆರಾದ ಚಿತ್ರಗಳನ್ನು ಕಾಪಾಡಿಕೊಳ್ಳುವುದು ಹೇಗೆ?

ಜೂನ್ ತಿಂಗಳಲ್ಲಿ ತಂದೆ-ತಾಯಿಯರನ್ನು ಕರೆದುಕೊಂಡು ಹನ್ನೆರಡು ದಿನ ಲಡಾಖ್‌ಗೆ ಹೊರಟಿದ್ದೀರಿ. ಕೈಯಲ್ಲಿ 24 ಮೆಗಾಪಿಕ್ಸೆಲ್‌ನ ಒಂದು ಮಿರರ್‌ಲೆಸ್ ಕ್ಯಾಮೆರಾ ಮತ್ತು ಒಂದು ಆಂಡ್ರಾಯ್ಡ್ ಫೋನ್ ಇದೆ, ಲ್ಯಾಪ್‌ಟಾಪ್ ಹೊರುವ ಮನಸ್ಸಿಲ್ಲ. ಪ್ರತಿ ರಾತ್ರಿ ಚಿತ್ರಗಳನ್ನು ಗೂಗಲ್ ಫೋಟೋಸ್‌ಗೆ ಏರಿಸಿದರೆ ಸಾಕೇ ಎಂಬುದು ನಿಮ್ಮ ಪ್ರಶ್ನೆ. ಸಾಲದು. ಆದರೆ ಲ್ಯಾಪ್‌ಟಾಪ್ ಬಿಟ್ಟು ಹೋಗುವ ನಿಮ್ಮ ನಿರ್ಧಾರ ಸರಿಯಾಗಿಯೇ ಇದೆ. ಅದರ ಕೆಲಸವನ್ನು ಅಂಗೈಯಗಲದ ಎರಡು ಮೂರು ವಸ್ತುಗಳು ಮಾಡುತ್ತವೆ.

ಮೊದಲು ನನ್ನದೊಂದು ಅನುಭವವನ್ನು ಹೇಳಬೇಕು, ಏಕೆಂದರೆ ಮುಂದೆ ಹೇಳುವುದೆಲ್ಲ ಅದರಿಂದ ಕಲಿತದ್ದು. ಕೆಲವು ವರ್ಷಗಳ ಹಿಂದೆ ಅಮ್ಮನೊಂದಿಗೆ ಹಿಮಾಚಲದ ಸ್ಪಿತಿಗೆ ಹೋಗಿದ್ದಾಗ ನಾನು ಪ್ರತಿ ರಾತ್ರಿ ತಪ್ಪದೆ ಮೆಮೊರಿ ಕಾರ್ಡಿನಲ್ಲಿದ್ದ ಚಿತ್ರಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡುತ್ತಿದ್ದೆ. ಮಾಡಿದ ಮೇಲೆ ಕಾರ್ಡು, ಪೆನ್‌ಡ್ರೈವ್ ಎರಡನ್ನೂ ಕ್ಯಾಮೆರಾ ಚೀಲದ ಒಂದೇ ಜೇಬಿನಲ್ಲಿಟ್ಟು ಮಲಗುತ್ತಿದ್ದೆ. ಮನಾಲಿಯಿಂದ ದೆಹಲಿಗೆ ಬರುವ ರಾತ್ರಿ ಬಸ್ಸಿನಲ್ಲಿ ಆ ಚೀಲವೇ ಕಳುವಾಯಿತು. ಕ್ಯಾಮೆರಾವನ್ನು ಮುಂದೆ ಮತ್ತೊಮ್ಮೆ ಕೊಂಡೆ. ಕೀ ಗೊಂಪಾ ಎಂಬ ಬೌದ್ಧ ಮಠದ ಮೆಟ್ಟಿಲ ಮೇಲೆ ಅಮ್ಮ ತಲೆಗೆ ಸೆರಗು ಹೊದ್ದು ಬಿಸಿಲು ಕಾಯಿಸುತ್ತ ಕುಳಿತಿದ್ದ ಚಿತ್ರ ಮಾತ್ರ ಎಲ್ಲಿಯೂ ಉಳಿಯಲಿಲ್ಲ. ಮಂಡಿನೋವಿನ ಕಾರಣ ಈಗ ಅವರು ಅಷ್ಟು ದೂರ ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ. ಆದ್ದರಿಂದ ನಾನು ಪಾಲಿಸುವ ನಿಯಮ ಇದು: ರಾತ್ರಿ ಮಲಗುವ ಮೊದಲು ಆ ದಿನದ ಚಿತ್ರಗಳು ಎರಡು ಕಡೆ ಇರಬೇಕು, ಮತ್ತು ಆ ಎರಡೂ ಒಂದೇ ಚೀಲದಲ್ಲಿ ಇರಕೂಡದು.

ಇನ್ನು ಅಂತರ್ಜಾಲವನ್ನು ಏಕೆ ನಂಬಬಾರದು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ನಿಮ್ಮಂತಹ ಕ್ಯಾಮೆರಾದ ಒಂದು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ) ಸುಮಾರು 30 ಎಂಬಿ ಇರುತ್ತದೆ ಎಂದುಕೊಳ್ಳೋಣ. ಲಡಾಖ್‌ನಲ್ಲಿ ದಿನಕ್ಕೆ 300 ಚಿತ್ರ ತೆಗೆಯುವುದು ಹೆಚ್ಚೇನಲ್ಲ. ಅಲ್ಲಿಗೆ ದಿನಕ್ಕೆ 9 ಜಿಬಿ, ಹನ್ನೆರಡು ದಿನಕ್ಕೆ 108 ಜಿಬಿ. ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವುದು ಜಿಮೇಲ್ ಮತ್ತು ಡ್ರೈವ್ ಎಲ್ಲ ಸೇರಿ 15 ಜಿಬಿ, ಎಂದರೆ ಎರಡನೆಯ ದಿನವೇ ಅದು ತುಂಬಿಹೋಗುತ್ತದೆ. ಗಾತ್ರ ಕುಗ್ಗಿಸಿದ ಚಿತ್ರಗಳಿಗೆ ಮಿತಿಯಿಲ್ಲದ ಉಚಿತ ಜಾಗ ಕೊಡುತ್ತಿದ್ದ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಹಣ ಕೊಟ್ಟು ಜಾಗ ಕೊಂಡರೂ, ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ 9 ಜಿಬಿ ಏರಿಸಲು ಒಟ್ಟು ನಾಲ್ಕು ಗಂಟೆಗಳ ಸಂಪರ್ಕ ಬೇಕು. ಲೇಹ್ ಪೇಟೆಯ ಒಳ್ಳೆಯ ಹೋಟೆಲಿನಲ್ಲಿ ಒಂದು ರಾತ್ರಿ ಇದು ಸಾಧ್ಯವಾದೀತು, ಆದರೆ ನುಬ್ರಾ ಕಣಿವೆಯಲ್ಲೋ ಪ್ಯಾಂಗಾಂಗ್ ಸರೋವರದ ದಡದಲ್ಲೋ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಮೇಲಾಗಿ, ಕರ್ನಾಟಕದಲ್ಲಿ ಕೊಂಡ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಸಂಪರ್ಕವೇ ಬೇಕು. ನಿಮ್ಮದು ಪ್ರೀಪೇಯ್ಡ್ ಆಗಿದ್ದರೆ ಹೊರಡುವ ಮೊದಲೇ ಬದಲಿಸಿಕೊಳ್ಳಿ. ಚಿತ್ರಗಳ ಮಾತಿರಲಿ, ವಯಸ್ಸಾದವರು ಜೊತೆಗಿರುವಾಗ ಫೋನ್ ಹೋಗಲೇಬೇಕಲ್ಲ.

ಎರಡನೆಯ ಪ್ರತಿಯನ್ನು ಯಾವುದರಲ್ಲಿ ಇಡಬೇಕು? ಮನೆಯಲ್ಲಿರುವ ಹಳೆಯ ಪೋರ್ಟಬಲ್ ಹಾರ್ಡ್ ಡಿಸ್ಕನ್ನು ಒಯ್ಯೋಣ ಎನ್ನಿಸುವುದು ಸಹಜ. ದಯವಿಟ್ಟು ಲಡಾಖ್‌ಗೆ ಅದನ್ನು ಒಯ್ಯಬೇಡಿ. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲೆ ಓದುವ-ಬರೆಯುವ ತಲೆಯು ತಾಗದಂತೆ ತೇಲುತ್ತಿರುತ್ತದೆ, ಮತ್ತು ಅದನ್ನು ತೇಲಿಸುವುದು ತಟ್ಟೆಯೊಂದಿಗೆ ಸುತ್ತುವ ಗಾಳಿಯ ಅತಿ ತೆಳುವಾದ ಪದರ. ಎತ್ತರಕ್ಕೆ ಹೋದಂತೆ ಗಾಳಿ ವಿರಳವಾಗುವುದರಿಂದ ಆ ಪದರವೂ ದುರ್ಬಲವಾಗಿ, ತಲೆ ತಟ್ಟೆಗೆ ತಾಗುವ ಅಪಾಯ ಹೆಚ್ಚುತ್ತದೆ. ಆದ್ದರಿಂದಲೇ ಇಂತಹ ಡಿಸ್ಕುಗಳನ್ನು ಚಾಲೂ ಮಾಡಬಹುದಾದ ಎತ್ತರದ ಮಿತಿಯನ್ನು ತಯಾರಕರು ಸಾಮಾನ್ಯವಾಗಿ ಸುಮಾರು 3,000 ಮೀಟರ್ ಎಂದು ನಮೂದಿಸಿರುತ್ತಾರೆ. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಪ್ಯಾಂಗಾಂಗ್ 4,200 ಮೀಟರಿಗೂ ಮೇಲಿದೆ. ಅಲ್ಲಿಯೂ ತಮ್ಮ ಡಿಸ್ಕುಗಳು ಕೆಲಸ ಮಾಡಿದವು ಎಂದು ಹೇಳುವವರು ಸಿಗುತ್ತಾರೆ. ಆದರೆ ಇರುವ ಒಂದೇ ಪ್ರತಿಯ ಮೇಲೆ ಅಂತಹ ಪ್ರಯೋಗ ಬೇಡ. ತಿರುಗುವ ಭಾಗವೇ ಇಲ್ಲದ, ಚಿಪ್‌ಗಳಲ್ಲೇ ಮಾಹಿತಿ ಉಳಿಸುವ ಎಸ್‌ಎಸ್‌ಡಿಗೆ ಈ ತೊಂದರೆ ಇಲ್ಲ, ರಸ್ತೆಯ ಕುಲುಕಾಟವನ್ನೂ ಅದು ತಡೆದುಕೊಳ್ಳುತ್ತದೆ. 500 ಜಿಬಿಯ ಒಂದು ಸಣ್ಣ ಎಸ್‌ಎಸ್‌ಡಿ ನಿಮಗೆ ಧಾರಾಳವಾಯಿತು.

ಜೊತೆಗೆ ಬೇಕಾದದ್ದು ಟೈಪ್-ಸಿ ಹಬ್, ಎಂದರೆ ಫೋನಿನ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸಿ ಹಲವು ವಸ್ತುಗಳನ್ನು ಒಟ್ಟಿಗೆ ಜೋಡಿಸುವ ಪುಟ್ಟ ಸಾಧನ. ಅದರಲ್ಲಿ ಎಸ್‌ಡಿ ಕಾರ್ಡಿನ (ಕ್ಯಾಮೆರಾದ ಮೆಮೊರಿ ಕಾರ್ಡಿನ) ಕಿಂಡಿ, ಎಸ್‌ಎಸ್‌ಡಿ ಜೋಡಿಸಲು ಒಂದು ಯುಎಸ್‌ಬಿ ಕಿಂಡಿ, ಚಾರ್ಜರ್ ಅಥವಾ ಪವರ್ ಬ್ಯಾಂಕ್ ಸಿಕ್ಕಿಸಲು ಇನ್ನೊಂದು, ಇವು ಮೂರೂ ಇರಲಿ. ಕಾರ್ಡ್ ಮತ್ತು ಎಸ್‌ಎಸ್‌ಡಿ ಎರಡೂ ಫೋನಿನಿಂದಲೇ ವಿದ್ಯುತ್ ಎಳೆಯುತ್ತವೆ; ಫೋನ್ ಅಷ್ಟು ಕೊಡಲಾರದೆ ಹೋದರೆ ಎಸ್‌ಎಸ್‌ಡಿ ನಡುವೆಯೇ ಕಳಚಿಕೊಂಡಂತಾಗಿ ನಕಲು ಅರ್ಧಕ್ಕೆ ನಿಲ್ಲುತ್ತದೆ. ಪವರ್ ಬ್ಯಾಂಕ್ ಜೋಡಿಸಿದ್ದರೆ ಆ ಚಿಂತೆಯಿಲ್ಲ. ಡೇರೆಗಳ ಬಿಡಾರಗಳಲ್ಲಿ ಹಲವೆಡೆ ವಿದ್ಯುತ್ ಇರುವುದು ಸಂಜೆಯ ಕೆಲವು ಗಂಟೆ ಮಾತ್ರ, ಚಳಿಯಲ್ಲಿ ಬ್ಯಾಟರಿಗಳೂ ಬೇಗ ಇಳಿಯುತ್ತವೆ. ಹಾಗಾಗಿ 20,000 ಎಂಎಎಚ್‌ನ ಪವರ್ ಬ್ಯಾಂಕ್ ಒಂದಿರಲಿ. ಅದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ, ವಿಮಾನದ 100 ವ್ಯಾಟ್-ಅವರ್ ಮಿತಿಯೊಳಗೇ ಇದೆ. ಆದರೆ ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ.

ಹೊಸಬರು ಎಡವುವುದು ಫೋನಿಗೆ ಇದನ್ನೆಲ್ಲ ಜೋಡಿಸುವ ಹಂತದಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕೆಲವು ಕಂಪನಿಗಳ ಫೋನುಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಓಟಿಜಿ (ಫೋನಿಗೆ ಹೊರಗಿನ ಡ್ರೈವ್ ಜೋಡಿಸುವ ಸೌಲಭ್ಯ) ಎಂಬುದನ್ನು ಚಾಲೂ ಮಾಡದಿದ್ದರೆ ಡ್ರೈವ್ ಕಾಣಿಸುವುದೇ ಇಲ್ಲ, ಮತ್ತು ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನಾಗಿಯೇ ಆಫ್ ಆಗುತ್ತದೆ. 32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡುಗಳು ಫೈಲುಗಳನ್ನು ಜೋಡಿಸಿಡುವ ಎಕ್ಸ್‌ಫ್ಯಾಟ್ ಎಂಬ ವಿನ್ಯಾಸದಲ್ಲಿ ಬರುತ್ತವೆ. ಕೆಲವು ಹಳೆಯ ಆಂಡ್ರಾಯ್ಡ್ ಫೋನುಗಳಿಗೆ ಅದನ್ನು ಓದಲು ಬರುವುದಿಲ್ಲ. ಆಗ ಪರದೆಯ ಮೇಲೆ ‘ಈ ಡ್ರೈವ್ ಸರಿಯಿಲ್ಲ, ಫಾರ್ಮ್ಯಾಟ್ ಮಾಡಿ’ ಎಂಬರ್ಥದ ಸೂಚನೆ ಬರುತ್ತದೆ. ಕಾರ್ಡಿಗೆ ಏನೂ ಆಗಿರುವುದಿಲ್ಲ, ಫೋನಿಗೆ ಓದಲು ಬಂದಿಲ್ಲ ಅಷ್ಟೇ. ಫಾರ್ಮ್ಯಾಟ್ ಎಂದರೆ ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಅಣಿಗೊಳಿಸುವುದು, ಆ ಗುಂಡಿಯನ್ನು ಒತ್ತಿದರೆ ಚಿತ್ರಗಳೆಲ್ಲ ಹೋದಂತೆ. ಎಸ್‌ಎಸ್‌ಡಿಯನ್ನೂ ಹೊರಡುವ ಮೊದಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಸಿಕೊಂಡು, ನಿಮ್ಮ ಫೋನು ಕಾರ್ಡ್ ಮತ್ತು ಎಸ್‌ಎಸ್‌ಡಿ ಎರಡನ್ನೂ ಒಟ್ಟಿಗೆ ಗುರುತಿಸುತ್ತದೆಯೇ ಎಂದು ಮನೆಯಲ್ಲೇ ಒಂದು ಭಾನುವಾರ ಕುಳಿತು ನೋಡಿಕೊಳ್ಳಿ.

ನಕಲು ಮಾಡುವಾಗ ಫೈಲ್ ಮ್ಯಾನೇಜರಿನಲ್ಲಿ ಕಾಪಿ ಎಂಬುದನ್ನೇ ಆರಿಸಿ, ಮೂವ್ ಅಥವಾ ಕಟ್ ಎಂಬುದನ್ನು ಎಂದಿಗೂ ಬಳಸಬೇಡಿ. ದಿನಕ್ಕೊಂದು ಫೋಲ್ಡರ್ ಮಾಡಿ, ಹೆಸರಿನಲ್ಲಿ ತಾರೀಖು ಮತ್ತು ಊರು ಇರಲಿ. ಸಾಮಾನ್ಯ ದರದ ಫೋನುಗಳ ಕಿಂಡಿ ಬಹುಪಾಲು ಯುಎಸ್‌ಬಿ 2.0 ಎಂಬ ಹಳೆಯ, ನಿಧಾನ ವೇಗದ್ದಾಗಿರುತ್ತದೆ, ಕಾರ್ಡು, ಎಸ್‌ಎಸ್‌ಡಿ ಎರಡೂ ಅದೇ ದಾರಿಯನ್ನು ಹಂಚಿಕೊಳ್ಳುವುದರಿಂದ 9 ಜಿಬಿಗೆ ಹತ್ತು ನಿಮಿಷವಾದರೂ ಬೇಕು. ಅದು ಮುಗಿಯುವವರೆಗೆ ಫೋನನ್ನು ಮಂಚದ ಮೇಲೆ ಅಲುಗಾಡದಂತೆ ಇಟ್ಟು, ಅಪ್ಪ-ಅಮ್ಮನ ಜೊತೆ ಚಹಾ ಕುಡಿಯಿರಿ. ಮುಗಿದ ಮೇಲೆ ಎರಡು ಫೋಲ್ಡರುಗಳ ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ಒಂದೇ ಆಗಿದೆಯೇ ನೋಡಿ, ಎಸ್‌ಎಸ್‌ಡಿಯಿಂದಲೇ ಮೊದಲಿನ, ನಡುವಿನ, ಕೊನೆಯ ಕೆಲವು ಚಿತ್ರಗಳನ್ನು ತೆರೆದು ಪರೀಕ್ಷಿಸಿ. ಅನಂತರ ಇಜೆಕ್ಟ್ (ಡ್ರೈವನ್ನು ಸುರಕ್ಷಿತವಾಗಿ ಬಿಡಿಸುವ ಗುಂಡಿ) ಒತ್ತಿಯೇ ತಂತಿಯನ್ನು ಕೀಳಿ. ಎಕ್ಸ್‌ಫ್ಯಾಟ್ ತಾನು ಬರೆಯುತ್ತಿರುವುದರ ದಾಖಲೆಯನ್ನು ಬೇರೆಯಾಗಿ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಬರೆಯುತ್ತಿರುವಾಗ ತಂತಿ ಕಿತ್ತರೆ ಕೊನೆಯ ಫೈಲ್ ಮಾತ್ರವಲ್ಲ, ಇಡೀ ಡ್ರೈವಿನ ಪಟ್ಟಿಯೇ ಕೆಡಬಹುದು.

ಕಾರ್ಡುಗಳ ವಿಷಯ. 256 ಜಿಬಿಯ ಒಂದೇ ಕಾರ್ಡಿಗಿಂತ 64 ಜಿಬಿಯ ನಾಲ್ಕು ಕಾರ್ಡುಗಳನ್ನು ನಾನು ಆರಿಸುತ್ತೇನೆ. ಒಂದು ಕೆಟ್ಟರೂ ಪ್ರವಾಸವೆಲ್ಲ ಕೆಡುವುದಿಲ್ಲ. ತುಂಬಿದ ಕಾರ್ಡಿನ ಪಕ್ಕದಲ್ಲಿರುವ ಪುಟ್ಟ ಲಾಕನ್ನು ಕೆಳಕ್ಕೆ ಸರಿಸಿಬಿಟ್ಟರೆ ಕ್ಯಾಮೆರಾ ಅದರ ಮೇಲೆ ಬರೆಯುವುದಿಲ್ಲ. ಎಸ್‌ಎಸ್‌ಡಿಗೆ ಪ್ರತಿ ಮಾಡಿದ್ದೇನೆ ಎಂದು ಕಾರ್ಡನ್ನು ಖಾಲಿ ಮಾಡಿ ಮತ್ತೆ ಬಳಸಲು ಹೋಗಬೇಡಿ, ಹಾಗೆ ಮಾಡಿದ ಕ್ಷಣದಿಂದ ನಿಮ್ಮಲ್ಲಿ ಉಳಿಯುವುದು ಒಂದೇ ಪ್ರತಿ. ಹೊಸ ಕಾರ್ಡುಗಳನ್ನು ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಂಡು, ಒಮ್ಮೆ ಪೂರ್ತಿ ತುಂಬಿಸಿ ಎಲ್ಲವೂ ತೆರೆಯುತ್ತದೆಯೇ ನೋಡಿ. 64 ಎಂದು ಬರೆದಿದ್ದು ಒಳಗೆ 8 ಜಿಬಿ ಮಾತ್ರ ಇರುವ ನಕಲಿ ಕಾರ್ಡುಗಳಿವೆ. ಅವು ದೋಷವನ್ನೇ ತೋರಿಸದೆ ಚಿತ್ರಗಳನ್ನು ಹಾಳುಮಾಡುತ್ತವೆ. ಪ್ರವಾಸದ ನಡುವೆ ಯಾವುದಾದರೂ ಕಾರ್ಡು ದೋಷ ತೋರಿಸಿದರೆ ಅದನ್ನು ಆಗಲೇ ಹೊರತೆಗೆದು ಬದಿಗಿಡಿ, ಮತ್ತೆ ಬರೆಯದಿದ್ದರೆ ಊರಿಗೆ ಬಂದ ಮೇಲೆ ಬಹುಮಟ್ಟಿಗೆ ಮರಳಿ ಪಡೆಯಬಹುದು.

ಇಡುವ ಜಾಗವನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಕಾರ್ಡುಗಳ ಡಬ್ಬಿ ನಿಮ್ಮ ಅಂಗಿಯ ಒಳಜೇಬಿನಲ್ಲಿರಲಿ, ಎಸ್‌ಎಸ್‌ಡಿ ಅಮ್ಮನ ಕೈಚೀಲದಲ್ಲಿ ಅವರ ಔಷಧಿಗಳ ಜೊತೆಗಿರಲಿ. ಔಷಧಿಯ ಚೀಲವನ್ನು ಯಾರೂ ಎಲ್ಲಿಯೂ ಬಿಟ್ಟು ಬರುವುದಿಲ್ಲ. ವಿಮಾನ ನಿಲ್ದಾಣದ ಎಕ್ಸ್-ರೇಯಿಂದ ಎರಡಕ್ಕೂ ಹಾನಿಯಿಲ್ಲ.

ಗೂಗಲ್ ಫೋಟೋಸ್‌ಗೂ ಒಂದು ಜಾಗವಿದೆ. ಲೇಹ್‌ಗೆ ಮರಳಿದ ರಾತ್ರಿ, ಆ ಕೆಲವು ದಿನಗಳಲ್ಲಿ ನಿಮಗೆ ಅತ್ಯಂತ ಪ್ರಿಯವಾದ ಇಪ್ಪತ್ತು ಮೂವತ್ತು ಜೆಪೆಗ್ (ರಾ ಫೈಲಿಗಿಂತ ಚಿಕ್ಕದಾದ ಸಾಮಾನ್ಯ ರೂಪದ) ಚಿತ್ರಗಳನ್ನು ಆರಿಸಿ ಏರಿಸಿ. 10 ಎಂಬಿಯ ಮೂವತ್ತು ಚಿತ್ರಗಳೆಂದರೆ 300 ಎಂಬಿ, ಅದೇ 5 ಮೆಗಾಬಿಟ್ ವೇಗದಲ್ಲೂ ಎಂಟು ನಿಮಿಷದ ಕೆಲಸ. ಚೀಲಗಳೆಲ್ಲ ಹೋದರೂ ಇವು ಉಳಿಯುತ್ತವೆ. ಆದರೆ ಅಲ್ಲಿ ಬ್ಯಾಕಪ್ ಆದ ಚಿತ್ರವನ್ನು ಫೋನಿನ ಜಾಗ ಉಳಿಸಲೆಂದು ಆ ಆ್ಯಪ್‌ನಲ್ಲೇ ಅಳಿಸಿದರೆ ಅದು ಫೋನಿನಿಂದಲೂ ಖಾತೆಯಿಂದಲೂ ಹೋಗುತ್ತದೆ, ಕಸದ ಬುಟ್ಟಿಯಲ್ಲಿ ಉಳಿಯುವುದು 60 ದಿನ ಮಾತ್ರ. ಫೋನಿನಲ್ಲೇ ತೆಗೆದ ಚಿತ್ರಗಳನ್ನೂ ಮರೆಯಬೇಡಿ. ನಾವು ಕ್ಯಾಮೆರಾದ ಕಾರ್ಡಿಗೆ ಕೊಡುವ ಗಮನವನ್ನು ಅವಕ್ಕೆ ಕೊಡುವುದಿಲ್ಲ, ಅಪ್ಪ ನಗುವ ಚಿತ್ರ ಎಷ್ಟೋ ಸಲ ಫೋನಿನಲ್ಲೇ ಇರುತ್ತದೆ. ಅವನ್ನೂ ರಾತ್ರಿ ಎಸ್‌ಎಸ್‌ಡಿಗೆ ನಕಲು ಮಾಡಿ. ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ್ದನ್ನು ಪ್ರತಿ ಎಂದು ಎಣಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸದ ಹೊರತು ಅಲ್ಲಿ ಹೋಗುವುದು ಕುಗ್ಗಿದ ಚಿತ್ರ.

ಊರಿಗೆ ಬಂದ ದಿನ ದಣಿವಿರುತ್ತದೆ, ಕಾರ್ಡುಗಳು ಡಬ್ಬಿಯಲ್ಲೇ ಇರಲಿ. ಎಸ್‌ಎಸ್‌ಡಿಯ ಚಿತ್ರಗಳನ್ನು ಮನೆಯ ಅಥವಾ ಸ್ನೇಹಿತರ ಕಂಪ್ಯೂಟರಿಗೆ ಹಾಕಿ, ಒಂದೊಂದು ದಿನದ ಫೋಲ್ಡರನ್ನೂ ತೆರೆದು ನೋಡಿದ ಮೇಲೆಯೇ ಆ ನಾಲ್ಕು ಕಾರ್ಡುಗಳನ್ನು ಕ್ಯಾಮೆರಾಗೆ ಹಾಕಿ ಫಾರ್ಮ್ಯಾಟ್ ಮಾಡಿ.