ಸಂಪಾದಕರ ಉತ್ತರ: ಅಮ್ಮನ ಮನಃಸ್ಥೈರ್ಯಕ್ಕೆ ಬಿದ್ದ ಅಂಕ

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ಸ್ತನ ಕ್ಯಾನ್ಸರ್‌ಗೆ ಕಿಮೊ ಪಡೆಯುತ್ತಿರುವ ತಾಯಿಗೆ ಆಸ್ಪತ್ರೆಯಲ್ಲಿ ಹತ್ತು ಪ್ರಶ್ನೆ ಕೇಳಿ, ಮನಃಸ್ಥೈರ್ಯಕ್ಕೆ 40ಕ್ಕೆ 17 ಅಂಕ ಹಾಕಿದ್ದಾರೆ. ಅಮೆರಿಕದವರ ಸರಾಸರಿ ಇದಕ್ಕಿಂತ ಬಹಳ ಹೆಚ್ಚೆಂದು ಮಗಳು ಅಂತರ್ಜಾಲದಲ್ಲಿ ಓದಿದ್ದಾರೆ. ಗಂಡ ತೀರಿಕೊಂಡ ಮೇಲೆ ಮೂವರು ಮಕ್ಕಳನ್ನೂ ಎರಡು ಎಕರೆ ಹೊಲವನ್ನೂ ಒಬ್ಬರೇ ನಿಭಾಯಿಸಿದ ತಾಯಿ ಅಷ್ಟು ಅಧೀರರೇ ಎಂಬುದು ಅವರ ಪ್ರಶ್ನೆ.

ಆ ಅಂಕದಿಂದ ಹಾಗೆ ಹೇಳಲು ಬರುವುದಿಲ್ಲ. ನೀವು ಕಳುಹಿಸಿದ ಹಾಳೆಯಲ್ಲಿರುವುದು ಮನಃಸ್ಥೈರ್ಯವನ್ನು ಅಳೆಯುವ ಕಾನರ್–ಡೇವಿಡ್ಸನ್ ಮಾಪಕದ ಕಿರುರೂಪ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಥರಿನ್ ಕಾನರ್ ಮತ್ತು ಜೊನಾಥನ್ ಡೇವಿಡ್ಸನ್ 2003ರಲ್ಲಿ ಪ್ರಕಟಿಸಿದ ಮೂಲ ಮಾಪಕದಲ್ಲಿ 25 ಹೇಳಿಕೆಗಳಿದ್ದವು. ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ, ಒಟ್ಟು 100 ಅಂಕ. 2007ರಲ್ಲಿ ಲಾರಾ ಕ್ಯಾಂಪ್‌ಬೆಲ್-ಸಿಲ್ಸ್ ಮತ್ತು ಮರ್ರೇ ಸ್ಟೈನ್, ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ವಿಶ್ಲೇಷಿಸಿ, ಆ 25 ಹೇಳಿಕೆಗಳನ್ನು ಹತ್ತಕ್ಕೆ ಇಳಿಸಿದರು. ಹಾಗೆ ಕೈಬಿಟ್ಟ ಹದಿನೈದರಲ್ಲಿ, ದೇವರು ಅಥವಾ ವಿಧಿ ನೆರವಾಗುತ್ತದೆ ಎಂಬುದೂ, ಕಷ್ಟಕ್ಕೆ ಒದಗುವ ಆಪ್ತರಿದ್ದಾರೆ ಎಂಬುದೂ ಸೇರಿವೆ. ಇಪ್ಪತ್ತರ ಹರೆಯದ ವಿದ್ಯಾರ್ಥಿಗಳ ಲೆಕ್ಕಾಚಾರದಲ್ಲಿ ಇವನ್ನು ಬಿಟ್ಟರೂ ನಡೆದೀತು. ಆದರೆ ಮನೆದೇವರಿಗೆ ಮುಡಿಪು ಕಟ್ಟಿ, ಮಗಳ ಕೈಹಿಡಿದು ಕಿಮೊ ವಾರ್ಡಿಗೆ ಹೋಗುವ ನಿಮ್ಮ ತಾಯಿಯವರನ್ನು ಎತ್ತಿ ನಿಲ್ಲಿಸಿರುವ ಎರಡು ಆಸರೆಗಳನ್ನೂ ಆ ಹಾಳೆ ಕೇಳಲೇ ಇಲ್ಲ.

ಕೇಳಿದ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳನ್ನು ನೀವು ಬರೆದು ಕಳುಹಿಸಿದ್ದು ದೊಡ್ಡ ಉಪಕಾರ. ತೊಂದರೆಯಲ್ಲೂ ನಗುವಿನ ಮಗ್ಗುಲನ್ನು ನೋಡುತ್ತೀರಾ ಎಂದಾಗ, “ಕಾಯಿಲೆ ವಿಷಯದಲ್ಲಿ ನಗೋದೇನಪ್ಪ?” ಎಂದರು, ಸೊನ್ನೆ ಬಿತ್ತು. ನೀವು ಗಟ್ಟಿಗಿತ್ತಿ ಎಂದುಕೊಳ್ಳುತ್ತೀರಾ ಎಂದಾಗ ಸೆರಗು ಸರಿಪಡಿಸಿಕೊಂಡು, “ಅದನ್ನ ನಾನೇ ಹೇಳ್ಕೋಬಾರದು, ಪರವಾಗಿಲ್ಲ ಅಂತ ಬರ್ಕೊಳ್ಳಿ” ಎಂದರು. ಒಂದು ಅಂಕ ಬಿತ್ತು. ತನ್ನನ್ನು ತಾನೇ ಹೊಗಳಿಕೊಳ್ಳಬಾರದೆಂಬ ಸಂಕೋಚವನ್ನು ಮಾಪಕವು ದೌರ್ಬಲ್ಯವೆಂದು ಓದಿಕೊಂಡಿದೆ, ಮತ್ತು ಈ ತಪ್ಪು ನನಗೆ ನಿಜಕ್ಕೂ ನೋವು ತಂದಿತು.

ಇಂಗ್ಲಿಷಿನಿಂದ ಕನ್ನಡಕ್ಕೆ, ಮತ್ತೆ ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸಿ ತಾಳೆ ನೋಡಿದರೆ ಪದಗಳು ಸರಿಯಿವೆಯೇ ಎಂಬುದಷ್ಟೇ ತಿಳಿಯುತ್ತದೆ. ಒಳಗಿನ ಬಲ ಸಮವಾಗಿರುವ ಇಬ್ಬರು, ಒಬ್ಬರು ಇಲ್ಲಿಯವರು ಇನ್ನೊಬ್ಬರು ಅಲ್ಲಿಯವರಾದರೂ, ಒಂದೊಂದು ಪ್ರಶ್ನೆಗೂ ಒಂದೇ ಬಗೆಯಲ್ಲಿ ಉತ್ತರಿಸುತ್ತಾರೆ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಿ ತೋರಿಸಬೇಕು. ಅಲ್ಲಿಯವರೆಗೆ ಎರಡು ದೇಶಗಳ ಸರಾಸರಿಯನ್ನು ಅಕ್ಕಪಕ್ಕ ಇಡುವುದು, ಸೇರನ್ನೂ ಲೀಟರನ್ನೂ ಒಂದೇ ಎಂದು ಅಳೆದ ಹಾಗೆ. ಮೂಲ ಮಾಪಕವನ್ನೇ ಚೀನಾದಲ್ಲಿ ಬಳಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಗೆಯ ಉತ್ತರ ಪಡೆದ ಹೇಳಿಕೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಮೆರಿಕದಲ್ಲಿ ಐದು ಗುಂಪುಗಳಾಗಿ ಕಂಡಿದ್ದವು ಅಲ್ಲಿ ಮೂರೇ ಗುಂಪುಗಳಾಗಿ ಕೂಡಿಕೊಂಡವು. ದೈವನಂಬಿಕೆಯದು ಪ್ರತ್ಯೇಕ ಗುಂಪಾಗಿ ಉಳಿಯಲಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಎಷ್ಟೋ ಮನೆಗಳಲ್ಲಿ ರೋಗಿಗೆ ‘ಗಡ್ಡೆ’ ಎಂದಷ್ಟೇ ಹೇಳಿರುತ್ತಾರೆ, ಪ್ರಶ್ನೆ ಕೇಳುವಾಗ ಮಕ್ಕಳು ಪಕ್ಕದಲ್ಲೇ ನಿಂತಿರುತ್ತಾರೆ. ಕಾಯಿಲೆಯ ಹೆಸರೇ ತಿಳಿಯದವರು ಅದನ್ನು ಹೇಗೆ ಎದುರಿಸುತ್ತಿದ್ದಾರೆಂದು ಅಳೆಯುವುದು ಹೇಗೆ? ನಿಮ್ಮ ತಾಯಿಯವರಿಗೆ ಹೆಸರು ತಿಳಿದಿದೆಯೇ ಎಂಬುದನ್ನು ನೀವು ಬರೆದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಹಾಳೆಯನ್ನು ಹರಿದೆಸೆಯಬೇಡಿ. ಅದೇ ಪ್ರಶ್ನೆಗಳನ್ನು ಮೂರು ತಿಂಗಳ ಬಳಿಕ ಅವರಿಗೇ ಮತ್ತೆ ಕೇಳಿದರೆ, ಪರರೊಡನೆ ಹೋಲಿಸುವುದಕ್ಕಿಂತ ಹೆಚ್ಚಿನ ಅರ್ಥ ಸಿಕ್ಕೀತು. ಈ ಕನ್ನಡ ರೂಪವನ್ನು ಕನ್ನಡ ಮಾತನಾಡುವ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಲಾಗಿದೆಯೇ ಎಂದು ಮುಂದಿನ ಸಲ ವಿಚಾರಿಸಿ. ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ಬೇಡವೆನ್ನುತ್ತಾರೆ ಎಂದು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಅಂಕಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಸಾಲು. ಅದನ್ನು ವೈದ್ಯರಿಗೆ ಇದೇ ವಾರ ತಿಳಿಸಿ, ಆಪ್ತಸಮಾಲೋಚಕರೊಡನೆ ನಿಮ್ಮ ತಾಯಿಯವರು ಒಬ್ಬರೇ ಕುಳಿತು ಮಾತನಾಡಲು ಅರ್ಧ ಗಂಟೆ ಬಿಡುವು ಮಾಡಿಕೊಡಿ.